ಅಪ್ಪ ಅವ್ವನಿಗೆ ಮೈಸೂರಿನಲ್ಲಿ ಒಂದು ದೊಡ್ಡ ಊಟ: ಎಲ್ಲಿ ಕೂರಿಸಲಿ?

ಧಾರವಾಡದ ಮಗಳು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಅಪ್ಪ ಅವ್ವನ ಮದುವೆಗೆ 40 ವರ್ಷ ತುಂಬುತ್ತದೆ. ಅವರನ್ನು ಮೈಸೂರಿಗೆ ಕರೆದುಕೊಂಡು ಬರುತ್ತಿದ್ದೇವೆ. ಅವರಿಬ್ಬರು, ನಾನು, ನಮ್ಮ ಯಜಮಾನರು, ಮಗ, ಒಟ್ಟು ಐದು ಜನ. ಭಾನುವಾರ ಮಧ್ಯಾಹ್ನ ಬಂದು ಗುರುವಾರ ಬೆಳಿಗ್ಗೆ ಹೊರಡುತ್ತೇವೆ. ಉಳಿದ ಊಟ ತಿಂಡಿಯೆಲ್ಲ ಸಿಕ್ಕ ಕಡೆ ಆಗುತ್ತದೆ. ಒಂದು ಊಟ ಮಾತ್ರ ಕೈಬಿಚ್ಚಿ ಖರ್ಚು ಮಾಡಿ, ಅವರು ಇದುವರೆಗೆ ಕೂತಿರದಂಥ ಜಾಗದಲ್ಲಿ ಮಾಡಿಸಬೇಕು ಅಂತ ಆಸೆ. ಅದಕ್ಕೆ ಅಂತಲೇ 10,000 ರೂಪಾಯಿ ತೆಗೆದಿಟ್ಟಿದ್ದೇನೆ.

ಅಪ್ಪ, ಅವ್ವ ಇಬ್ಬರೂ ಸಸ್ಯಾಹಾರಿ. ಅವ್ವನಿಗೆ ಮಂಡಿನೋವು. ಅಪ್ಪನಿಗೆ ಶುಗರ್, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಇಬ್ಬರೂ ರಾತ್ರಿ ಒಂಬತ್ತಕ್ಕೆ ಮಲಗುವವರು. ಇಂಟರ್ನೆಟ್‌ನಲ್ಲಿ ನೋಡಿದರೆ ಎಲ್ಲ ಹೋಟೆಲಿಗೂ ನಾಲ್ಕಕ್ಕಿಂತ ಜಾಸ್ತಿ ಸ್ಟಾರ್. ಎಲ್ಲ ಫೋಟೊದಲ್ಲೂ ಅದೇ ಹಳದಿ ದೀಪ, ಅದೇ ಬಿಳಿ ತಟ್ಟೆ. ಊರಿನವರು ನೀವು ಹೇಗೆ ಆರಿಸುತ್ತೀರಿ? ದಯವಿಟ್ಟು ಹೇಳಿ.

ಒಂಟಿಕೊಪ್ಪಲಿನವರು

ಮೊದಲು ಹಿರಿಯರಿಗೆ ನಮಸ್ಕಾರ ತಿಳಿಸಿ ಮೇಡಂ. ನಮ್ಮ ಊರಿಗೆ ಬರುತ್ತಿದ್ದಾರೆ ಅನ್ನುವುದೇ ಸಂತೋಷ.

ಮೈಸೂರಿಗೆ ಬಂದು ದೊಡ್ಡ ಊಟ ಮಾಡಬೇಕು ಅಂದರೆ ನನ್ನ ಮೊದಲ ಮಾತು ಕಟ್ಟಡ ನೋಡಿ ಅಂತ. ಗಾಜಿನ ಮುಂಬಾಗಿಲಿನ ಹೊಸ ಹೋಟೆಲು ಹುಬ್ಬಳ್ಳಿಯಲ್ಲೂ ಸಿಗುತ್ತದೆ. ಲಲಿತ ಮಹಲ್ ಇಲ್ಲಿ ಮಾತ್ರ ಸಿಗುವುದು. ಚಾಮುಂಡಿ ಬೆಟ್ಟದ ತಪ್ಪಲಿನ ಹತ್ತಿರ, ವೈಸರಾಯ್ ಬಂದರೆ ಉಳಿದುಕೊಳ್ಳಲಿ ಅಂತ ನಾಲ್ವಡಿ ಕೃಷ್ಣರಾಜ ಒಡೆಯರ್ 1921ರಲ್ಲಿ ಶುರು ಮಾಡಿಸಿದ ಅರಮನೆ ಅದು. ನಕ್ಷೆ ಇ. ಡಬ್ಲ್ಯು. ಫ್ರಿಚ್ಲಿ ಅವರದ್ದು. ನಡುವಿನ ದೊಡ್ಡ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೆನಪಿಸುವಂತಿದೆ. 1974ರಲ್ಲಿ ಹೋಟೆಲ್ ಆಯಿತು. ಬಹಳ ಕಾಲ ಕೇಂದ್ರದ ಪ್ರವಾಸೋದ್ಯಮ ನಿಗಮ ಐಟಿಡಿಸಿ ನಡೆಸಿತು. 2018ರಲ್ಲಿ ರಾಜ್ಯಕ್ಕೆ ಬಂದು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ವಹಿಸಿಕೊಂಡಿತು.

ಅಲ್ಲಿಯ ಊಟದ ಹಾಲ್ ಹಿಂದೆ ನೃತ್ಯಕ್ಕೆ ಅಂತ ಇದ್ದದ್ದು. ಎತ್ತರದ ಕಮಾನು ಚಾವಣಿ, ಮೇಲೆ ಬಣ್ಣದ ಗಾಜು. ಹಾಗಾಗಿ ಮಧ್ಯಾಹ್ನವೇ ಹೋಗಿ. ಬಿಸಿಲು ಆ ಗಾಜಿನಿಂದ ಇಳಿಯುವಾಗಲೇ ಆ ಹಾಲ್ ನೋಡಬೇಕು. ರಾತ್ರಿ ಹೋದರೆ ಆ ಗಾಜು ಇದ್ದೂ ಇಲ್ಲದ ಹಾಗೆ. ಅಪ್ಪಾಜಿಗೆ ಬೇಗ ಮಲಗುವ ಅಭ್ಯಾಸ ಬೇರೆ ಇದೆ ಅಂದಿದ್ದೀರಿ.

ಎರಡನೇ ಆಯ್ಕೆ ಜೆಎಲ್‌ಬಿ ರಸ್ತೆಯ ಮೆಟ್ರೋಪೋಲ್. ಅದೂ ಮಹಾರಾಜರೇ 1920ರಲ್ಲಿ ಬ್ರಿಟಿಷ್ ಅತಿಥಿಗಳಿಗೆ ಅಂತ ಕಟ್ಟಿಸಿದ್ದು. ರೈಲ್ವೆ ಸ್ಟೇಷನ್‌ಗೆ ಹತ್ತಿರ. ಅರಮನೆಯ ಗಾಂಭೀರ್ಯ ಇಲ್ಲ, ಆದರೆ ಅಂಗಳ, ಪಡಸಾಲೆ, ಹಳೆ ಮರದ ಕೆಲಸ ಎಲ್ಲ ಚೆನ್ನಾಗಿದೆ. ಮನೆಯಂಥ ಭಾವನೆ ಬೇಕಿದ್ದರೆ ಅದು.

ಮಂಡ್ಯ ಗದ್ದೆಬದು

ಒಂಟಿಕೊಪ್ಪಲಿನ ಸರ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಊಟಕ್ಕೆ ಹೋಗುವುದು ಊಟಕ್ಕೆ. ಕಟ್ಟಡ ನೋಡಬೇಕಿದ್ದರೆ ಟಿಕೆಟ್ ತಗೊಂಡು ಅಂಬಾವಿಲಾಸ ಅರಮನೆ ನೋಡಿದರೆ ಆಯಿತು.

ಅಕ್ಕ, ದೊಡ್ಡ ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಬಹುತೇಕ ಪನೀರ್ ಬಟರ್ ಮಸಾಲ, ದಾಲ್ ಮಖನಿ, ವೆಜ್ ಮಂಚೂರಿ. ಅದನ್ನು ತಿನ್ನಲು ಧಾರವಾಡದಿಂದ ಇಲ್ಲಿಗೆ ಬರಬೇಕಾ? ನಮ್ಮ ಸೀಮೆಯ ರುಚಿ ಬೇರೆ ಕಡೆ ಇದೆ. ನಜರ್‌ಬಾದಿನ ಮೈಲಾರಿಯಲ್ಲಿ ಬೆಣ್ಣೆ ಹಾಕಿದ ಮೆತ್ತನೆಯ ದೋಸೆ ತಿನ್ನಿಸಿ. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಲ್ಲಿ ಮೈಸೂರ್ ಪಾಕ್ ತಗೊಳ್ಳಿ. ನಾಲ್ವಡಿಯವರ ಕಾಲದಲ್ಲಿ ಅರಮನೆ ಅಡುಗೆಯ ಕಾಕಾಸುರ ಮಾದಪ್ಪ ಅವರು ಮಾಡಿದ ತಿನಿಸು ಅದು, ಅವರ ಮನೆತನದ ಅಂಗಡಿಯೇ ಅದು. ಬೆಂಗಳೂರಿನ ಮೇಲೆ ರೈಲಿನಲ್ಲಿ ಬರುವುದಾದರೆ ಮದ್ದೂರಿನಲ್ಲಿ ವಡೆ. ನಿಮ್ಮ ಯಜಮಾನರು ಮಾಂಸ ತಿನ್ನುವವರಾದರೆ ಮಂಡಿ ಮೊಹಲ್ಲಾದ ಹನುಮಂತು ಪಲಾವ್‌ಗೆ ಅವರೊಬ್ಬರನ್ನೇ ಕಳಿಸಿ. ಇಷ್ಟೆಲ್ಲ ಸೇರಿಸಿದರೂ ನಿಮ್ಮ ದುಡ್ಡಿನಲ್ಲಿ ಮುಕ್ಕಾಲು ಪಾಲು ಉಳಿಯುತ್ತದೆ.

ಇನ್ನೊಂದು ಮಾತು. ಮೆನುವಿನಲ್ಲಿ 'ಬನ್ನೂರು ಕುರಿ' ಅಂತ ಬರೆದಿದ್ದರೆ ಎಲ್ಲಿಂದ ತರಿಸುತ್ತೀರಿ ಅಂತ ಕೇಳಿ. ಆ ತಳಿ ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕಡೆಯದು. ಗಿಡ್ಡ ಕಾಲು, ಗಟ್ಟಿ ಮೈ, ಮಾಂಸದ ಒಳಗೇ ಕೊಬ್ಬು ಹರಡಿಕೊಂಡಿರುತ್ತೆ, ಅದಕ್ಕೇ ಮೆತ್ತಗೆ ಬೇಯುತ್ತೆ. ನಿಜವಾದ ತಳಿ ಈಗ ಕಡಿಮೆ. ಹೆಸರು ಮಾತ್ರ ಎಲ್ಲ ಬೋರ್ಡ್‌ನಲ್ಲೂ ಇದೆ. ಕೇಳಿದಾಗ ಊರಿನ ಹೆಸರು ಸಮೇತ ಉತ್ತರ ಬಂದರೆ ಆ ಹೋಟೆಲನ್ನು ನಂಬಬಹುದು.

ಒಂಟಿಕೊಪ್ಪಲಿನವರು

ಮೈಲಾರಿ ದೋಸೆ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ, ಗದ್ದೆಬದು ಅವರೇ. ಅದನ್ನು ತಿನ್ನದೆ ಯಾರೂ ಮೈಸೂರು ಬಿಡಬಾರದು. ಆದರೆ ಅಲ್ಲಿ ಹಿಂದೆ ಜನ ಕಾಯುತ್ತಾ ನಿಂತಿರುತ್ತಾರೆ. ತಿಂದು ಏಳಬೇಕು. ಈ ಮೇಡಂ ಕೇಳುತ್ತಿರುವುದು ಅಪ್ಪ ಅಮ್ಮನನ್ನು ಎರಡು ಗಂಟೆ ನೆಮ್ಮದಿಯಾಗಿ ಕೂರಿಸುವ ಜಾಗ. ಅವೆರಡೂ ಬೇರೆ ಬೇರೆ.

ಸೀರೆ ಅಂಗಡಿ ಬೀದಿ

ಸುಮ್ನೆ ಒಂದು ಯೋಚನೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಅಮ್ಮನಿಗೆ ಮೈಸೂರು ಸಿಲ್ಕ್ ಸೀರೆ ಕೊಡಿಸಬಾರದಾ? ಮಾನಂದವಾಡಿ ರಸ್ತೆಯಲ್ಲಿ ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಕಾರ್ಖಾನೆ ಇದೆ, 1912ರದ್ದು. ಪಕ್ಕದಲ್ಲೇ ಮಳಿಗೆ. ಸೀರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ.

ಧಾರವಾಡದ ಮಗಳು

ಒಳ್ಳೆಯ ಮಾತು ಅಕ್ಕ. ಆದರೆ ಅವ್ವನ ಟ್ರಂಕಿನಲ್ಲಿ ಉಡದ ಸೀರೆಗಳೇ ಬಹಳ ಇವೆ. ನಾನು ಊಟ ಅಂತ ಹಟ ಹಿಡಿದಿರುವುದಕ್ಕೆ ಕಾರಣ ಇದೆ.

ನಮ್ಮದು ದೊಡ್ಡ ಮನೆ. ಅಜ್ಜ, ಅಜ್ಜಿ, ಕಾಕಾಗಳು, ಅವರ ಮಕ್ಕಳು, ಹೊಲದ ಆಳುಗಳು, ಬಂದು ಹೋಗುವವರು. ಅವ್ವ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದಳು. ರೊಟ್ಟಿ ಬಡಿಯುವುದು ಮುಗಿಯುವ ಹೊತ್ತಿಗೆ ಪಲ್ಯದ ಬೋಗುಣಿ ತಳ ಕಾಣುತ್ತಿತ್ತು. ಈಗಲೂ ಹೋಟೆಲಿಗೆ ಹೋದರೆ ನಮ್ಮ ತಟ್ಟೆಗೆ ತಾನೇ ಬಡಿಸಲು ಏಳುತ್ತಾಳೆ. ಮದುವೆ ಮನೆಯಲ್ಲೂ ಕೊನೆಯ ಪಂಕ್ತಿ. ಅವಳ ಪಕ್ಕದಲ್ಲಿ ಯಾರಾದರೂ ನಿಂತು 'ಇನ್ನೂ ಸ್ವಲ್ಪ ಹಾಕಲಾ ಅಮ್ಮಾ' ಅಂತ ಕೇಳಿ ಬಡಿಸುವುದನ್ನು ನಾನು ನೋಡಬೇಕು. ಅವಳು ಏಳಬಾರದು. ಬಿಸಿ ಇರುವಾಗಲೇ ಉಣ್ಣಬೇಕು. ನನಗೆ ಬೇಕಾಗಿರುವುದು ಇಷ್ಟೇ.

ಅಡುಗೆಮನೆ ಬಾಗಿಲು

ಮೇಡಂ, ನೀವು ಈಗ ಬರೆದದ್ದೇ ನಿಮ್ಮ ಉತ್ತರ. ನಾನು ಹೋಟೆಲ್ ಅಡುಗೆಮನೆಗಳಲ್ಲಿ ಕೆಲಸ ಮಾಡಿದವನು. ಗೊತ್ತಿರುವುದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಒಂದು ಮಾತಿನಲ್ಲಿ ಹೇಳಬೇಕಾದರೆ, ಬಫೆ ಬೇಡವೇ ಬೇಡ. ದೊಡ್ಡ ಹೋಟೆಲ್ ಅಂದ ಕೂಡಲೇ ಜನ ಬಫೆ ಅಂತಾರೆ. ಅದರಲ್ಲಿ ನಿಮ್ಮ ತಾಯಿ ಮಂಡಿನೋವಿನಲ್ಲಿ ತಟ್ಟೆ ಹಿಡಿದು ನಡೆಯಬೇಕು. ಖಂಡಿತ ಮೊಮ್ಮಗನ ತಟ್ಟೆಗೆ ತಾವೇ ಹಾಕಿಕೊಡುತ್ತಾರೆ. ವಯಸ್ಸಾದವರು ತಿನ್ನುವುದು ಕಡಿಮೆ, ಕೊಡುವುದು ಪೂರ್ತಿ ದುಡ್ಡು. ಅಡುಗೆಯೂ ಅಷ್ಟೇ. ಬಫೆಯ ಪಾತ್ರೆಯ ಕೆಳಗೆ ಸಣ್ಣ ಉರಿ ಇರುತ್ತೆ. ಮೊದಲ ಅರ್ಧ ಗಂಟೆ ಚೆನ್ನಾಗಿರುತ್ತದೆ. ಆಮೇಲೆ ಪಲ್ಯ ಮೆತ್ತಗಾಗಿ ಸಾರು ಗಟ್ಟಿಯಾಗುತ್ತದೆ. ಮೇಜಿಗೆ ತಂದು ಬಡಿಸುವ ಊಟವನ್ನೇ ಕೇಳಿ. ಥಾಲಿ ಊಟ ಇದ್ದರೆ ಅದು, ಇಲ್ಲದಿದ್ದರೆ ಮೆನುವಿನಿಂದ ಆರಿಸಿ.

ಇನ್ನು ಅಡುಗೆಯ ವಿಷಯ. ಮಂಡ್ಯದ ಅಣ್ಣ ಹೇಳಿದ್ದರಲ್ಲಿ ನಿಜ ಇದೆ. ಮೆನುವಿನಲ್ಲಿ ನೂರೈವತ್ತು ಐಟಂ ಇದ್ದರೆ ಅಷ್ಟನ್ನೂ ಯಾರೂ ಹೊಸದಾಗಿ ಮಾಡಲ್ಲ. ಬೆಳಿಗ್ಗೆ ಮೂರ್ನಾಲ್ಕು ಬೇಸ್ ಗ್ರೇವಿ ಆಗಿರುತ್ತದೆ. ಒಂದು ಟೊಮೆಟೊದ ಕೆಂಪು, ಒಂದು ಗೋಡಂಬಿಯ ಬಿಳಿ, ಒಂದು ಈರುಳ್ಳಿಯದು. ಪನೀರ್ ಹೆಸರಿನ ಹತ್ತು ಪದಾರ್ಥ ಬರುವುದು ಇವುಗಳಿಂದಲೇ. ಅದರಲ್ಲಿ ಮೋಸ ಇಲ್ಲ, ದೊಡ್ಡ ಅಡುಗೆಮನೆ ನಡೆಯುವುದೇ ಹಾಗೆ. ಆದರೆ ನೀವು ಜಾಸ್ತಿ ದುಡ್ಡು ಕೊಟ್ಟು ಅದನ್ನೇ ತಿನ್ನಬೇಕಾಗಿಲ್ಲ. ಎರಡು ದಿನ ಮುಂಚೆ ಫೋನ್ ಮಾಡಿ. ರಿಸೆಪ್ಷನ್‌ನವರು ಎತ್ತುತ್ತಾರೆ. ರೆಸ್ಟೋರೆಂಟ್ ಮ್ಯಾನೇಜರ್‌ಗೆ ಕೊಡಿ ಅನ್ನಿ. 40 ವರ್ಷದ ಮದುವೆ ದಿನ, ಇಬ್ಬರು ಹಿರಿಯರು, ಸಸ್ಯಾಹಾರ, ಖಾರ ಎಷ್ಟು, ಸಕ್ಕರೆ ಕಾಯಿಲೆ ಇದೆ, ಎಲ್ಲ ಹೇಳಿ. ಮೈಸೂರು ಕಡೆಯ ಊಟ ಬಡಿಸಿ ಕೊಡುತ್ತೀರಾ ಅಂತ ಕೇಳಿ. ಅಡುಗೆಯವರಿಗೆ ಇಂಥದ್ದು ಖುಷಿ ಕೊಡುವ ಕೆಲಸ. ದಿನಾ ಪನೀರ್ ಮಾಡಿ ಅವರಿಗೂ ಸಾಕಾಗಿರುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿ: 'ಅವತ್ತು ನಿಮ್ಮಲ್ಲಿ ಬ್ಯಾಂಕ್ವೆಟ್ ಇದೆಯಾ, ಟೂರಿಸ್ಟ್ ಗ್ರೂಪ್ ಬುಕ್ ಆಗಿದೆಯಾ?' ಮುನ್ನೂರು ಜನದ ಆರತಕ್ಷತೆ ಇದ್ದ ದಿನ ಒಳ್ಳೆಯ ಕೈಗಳೆಲ್ಲ ಅಲ್ಲಿರುತ್ತವೆ. ಬಡಿಸುವ ಹುಡುಗರೂ ಅಲ್ಲೇ. ರೆಸ್ಟೋರೆಂಟಿನಲ್ಲಿ ಕೂತವರು ನೀರಿಗೂ ಕಾಯಬೇಕಾಗುತ್ತದೆ. ಆನ್‌ಲೈನ್‌ನಲ್ಲಿ ಒಂದೇ ಹೋಟೆಲಿಗೆ ಒಬ್ಬರು ಐದು ಸ್ಟಾರ್, ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ ಕೂತರೆ ಇಡೀ ಹಾಲ್‌ನ ಗಮನ ನಿಮ್ಮ ಮೇಜಿನ ಮೇಲೆ ಇರುತ್ತದೆ.

ಸ್ಟಾರ್ ಎಣಿಸಬೇಡಿ. ಹೊಸ ರಿವ್ಯೂ ಮೊದಲು ಬರುವ ಹಾಗೆ ಇಟ್ಟುಕೊಂಡು ಈಚಿನ ಎರಡು ತಿಂಗಳದ್ದು ಮಾತ್ರ ಓದಿ. ಬಾಣಸಿಗ ಬದಲಾದರೆ ಹಳೆಯ ಹೊಗಳಿಕೆಗೆ ಬೆಲೆ ಇಲ್ಲ. ಹೋಟೆಲಿನವರ ಫೋಟೊ ಬಿಟ್ಟು ಗಿರಾಕಿಗಳು ಹಾಕಿದ ಫೋಟೊ ನೋಡಿ. ಮೆನು ಕಾರ್ಡ್, ಬಿಲ್ ಎರಡೂ ಅಲ್ಲೇ ಸಿಗುತ್ತವೆ.

ಗೋಕುಲಂ ಮೂರನೇ ಹಂತ

ಮಂಡಿನೋವಿನ ಬಗ್ಗೆ ನಾನು ಹೇಳಲೇಬೇಕು. ನಮ್ಮ ಅತ್ತೆಗೂ ಅದೇ ತೊಂದರೆ. ಅವರ ಹುಟ್ಟುಹಬ್ಬಕ್ಕೆ ಊರಿನ ಒಂದು ರೂಫ್‌ಟಾಪ್‌ಗೆ ಹೋಗಿದ್ದೆವು. ಲಿಫ್ಟ್ ಇದೆ ಅಂತ ಫೋನಿನಲ್ಲಿ ಹೇಳಿದ್ದರು. ಲಿಫ್ಟ್ ಇತ್ತು, ಆದರೆ ಕೊನೆಯ ಮಹಡಿಗೆ ಮೆಟ್ಟಿಲೇ. ಅತ್ತೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲೆ ಹೋದರೆ ಕೂರಲು ತಗ್ಗು ಸೋಫಾ. ಕೂತರೆ ಏಳಲು ಆಗದು. ಟಾಯ್ಲೆಟ್ ಮತ್ತೆ ಕೆಳಗಿನ ಮಹಡಿಯಲ್ಲಿ. ಅದಕ್ಕೇ ಅವರು ಊಟ ಮುಗಿಯುವವರೆಗೂ ನೀರೇ ಕುಡಿಯಲಿಲ್ಲ. ಸ್ಪೀಕರ್ ಪಕ್ಕದ ಮೇಜು ಬೇರೆ, ಮಾತು ಕೇಳಿಸುತ್ತಿರಲಿಲ್ಲ. ಅವರು ಏನೂ ಅನ್ನಲಿಲ್ಲ, ನನಗೇ ಕಣ್ಣು ತುಂಬಿ ಬಂತು.

ಆಮೇಲಿಂದ ನಾನು ಕೇಳುವ ಪ್ರಶ್ನೆಯನ್ನೇ ಬದಲಾಯಿಸಿಕೊಂಡೆ. ಲಿಫ್ಟ್ ಇದೆಯಾ ಅಂತ ಕೇಳಲ್ಲ. 'ಕಾರಿನಿಂದ ಇಳಿದು ಮೇಜಿನವರೆಗೆ ಒಟ್ಟು ಎಷ್ಟು ಮೆಟ್ಟಿಲು?' ಅಂತ ಕೇಳುತ್ತೇನೆ. ಟಾಯ್ಲೆಟ್ ಅದೇ ನೆಲದಲ್ಲಿದೆಯಾ, ಕೈ ಊರಿ ಏಳುವಂಥ ಕುರ್ಚಿ ಕೊಡುತ್ತೀರಾ ಅಂತಲೂ ಕೇಳುತ್ತೇನೆ. ಹಳೆಯ ಅರಮನೆ, ಬಂಗಲೆ ಅಂದ ಮೇಲೆ ಮೆಟ್ಟಿಲು ಇದ್ದೇ ಇರುತ್ತವೆ. ಗಾಲಿಕುರ್ಚಿ ಬೇಕು ಅಂತ ಮೊದಲೇ ಹೇಳಿದರೆ ಯಾವ ಬಾಗಿಲಿಂದ ಬರಬೇಕು ಅಂತ ಅವರೇ ತಿಳಿಸುತ್ತಾರೆ.

ಮೆನು ಕಾರ್ಡನ್ನು ನಿಮ್ಮ ತಾಯಿಯ ಕೈಗೆ ಕೊಡಬೇಡಿ. ಅವರು ಬಲಗಡೆಯ ಬೆಲೆ ನೋಡಿ 'ನನಗೆ ಮೊಸರನ್ನ ಸಾಕು' ಅಂತಾರೆ. ಎಲ್ಲ ತಾಯಂದಿರೂ ಹಾಗೆಯೇ. ಮನೆಯಲ್ಲೇ ಕೂತು ಏನೇನು ಬೇಕು ಅಂತ ತೀರ್ಮಾನಿಸಿ, ಫೋನಿನಲ್ಲೇ ಹೇಳಿಬಿಡಿ. ಬಿಲ್ ನಿಮ್ಮ ಯಜಮಾನರು ಎದ್ದು ಹೋಗಿ ಕೌಂಟರಿನಲ್ಲೇ ಕಟ್ಟಲಿ. ಮೇಜಿಗೆ ಬರುವುದೇ ಬೇಡ.

ಧಾರವಾಡದ ಮಗಳು

ಮೊಸರನ್ನ ಅಲ್ಲ ಅಕ್ಕ, ನಮ್ಮವ್ವ 'ನನಗೆ ಹಸಿವೇ ಇಲ್ಲ' ಅಂತಾಳೆ. ಮೆನು ಮೊದಲೇ ಹೇಳಿಬಿಡುವ ಉಪಾಯ ತುಂಬಾ ಒಳ್ಳೆಯದು. ಹಾಗೇ ಮಾಡುತ್ತೇನೆ.

ಒಂದು ಸಂಶಯ. ಈ ಹೋಟೆಲುಗಳಲ್ಲಿ ಮಾಂಸಾಹಾರವೂ ಮಾಡುತ್ತಾರೆ. ಅಪ್ಪನಿಗೆ ಅದು ಸ್ವಲ್ಪ ಕಸಿವಿಸಿ. ಪೂರ್ತಿ ಸಸ್ಯಾಹಾರಿ, ಆದರೆ ಇದೇ ಮಟ್ಟದ್ದು ಸಿಗುತ್ತದಾ?

ಅಡುಗೆಮನೆ ಬಾಗಿಲು

ಶುದ್ಧ ಸಸ್ಯಾಹಾರಿ ಹೋಟೆಲುಗಳು ಮೈಸೂರಿನಲ್ಲಿ ಎಷ್ಟು ಬೇಕಾದರೂ ಇವೆ, ರುಚಿಯೂ ಚೆನ್ನಾಗಿದೆ. ಆದರೆ ನಿಧಾನವಾಗಿ ಕೂರಿಸಿ ಬಡಿಸುವ ಏರ್ಪಾಡು ಕಡಿಮೆ. ಗಾಂಧಿ ಸ್ಕ್ವೇರ್ ಹತ್ತಿರದ ದಾಸ್‌ಪ್ರಕಾಶ್ ಹಳೆಯ ಹೆಸರು, ಅಲ್ಲಿಗೆ ಬೇರೆ ದಿನ ಹೋಗಿ. ಪಾರಂಪರಿಕ ಹೋಟೆಲೇ ಬೇಕು ಅಂದರೆ ತಂದೆಯವರಿಗೆ ಮೊದಲೇ ತಿಳಿಸಿಬಿಡಿ. ಅಲ್ಲಿ ಹೋದ ಮೇಲೆ ಪಕ್ಕದ ಮೇಜಿನಲ್ಲಿ ನೋಡಿ ಬೇಜಾರಾಗುವುದಕ್ಕಿಂತ ಅದು ವಾಸಿ. ಮೂಲೆಯ ಮೇಜು ಕೇಳಿ. ದೊಡ್ಡ ಹೋಟೆಲುಗಳಲ್ಲಿ ಸಸ್ಯಾಹಾರಕ್ಕೆ ಬೇರೆ ಪಾತ್ರೆ, ಬೇರೆ ಹಲಗೆ, ಬೇರೆ ಚಾಕು ಇಡುವ ಪದ್ಧತಿ ಇದೆ. ಇದ್ದರೂ ಇದೆಯಾ ಅಂತ ನೇರವಾಗಿ ಕೇಳಿ, ತಪ್ಪೇನಿಲ್ಲ.

ಲೆಕ್ಕದ ಪುಸ್ತಕ

ದುಡ್ಡಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ.

ಮಾಮೂಲಿ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ 5%. ಆದರೆ ರೆಸ್ಟೋರೆಂಟ್ ದೊಡ್ಡ ಲಾಡ್ಜಿಂಗ್ ಹೋಟೆಲಿನ ಒಳಗಿದ್ದರೆ 18% ಆಗಬಹುದು. ಏಪ್ರಿಲ್ 2025ರಿಂದ ಇರುವ ನಿಯಮ ಹೀಗೆ: ಹಿಂದಿನ ಆರ್ಥಿಕ ವರ್ಷದಲ್ಲಿ ಆ ಹೋಟೆಲು ಯಾವುದಾದರೂ ಕೋಣೆಯನ್ನು ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿಗೆ ಕೊಟ್ಟಿದ್ದರೆ, ಅದರೊಳಗಿನ ರೆಸ್ಟೋರೆಂಟಿನ ಊಟಕ್ಕೆ 18%. ಹೋಟೆಲು ತಾನಾಗಿಯೇ ಆ ವರ್ಗಕ್ಕೆ ಸೇರುತ್ತೇನೆ ಅಂತ ಬರೆದುಕೊಟ್ಟಿದ್ದರೂ ಅಷ್ಟೇ. ನೀವು ಅಲ್ಲಿ ಕೋಣೆ ತಗೊಂಡಿರಲಿ ಬಿಡಲಿ, ಸಂಬಂಧ ಇಲ್ಲ.

ಹಾಗಾಗಿ 10,000ದ ಲೆಕ್ಕ ಇಟ್ಟುಕೊಂಡರೆ ಮೆನುವಿನ ಬೆಲೆ 8,400 ದಾಟಬಾರದು. 18% ಸೇರಿ 9,912 ಆಗುತ್ತದೆ. 5% ಇರುವ ಕಡೆಯಾದರೆ 9,500ರವರೆಗೂ ಹೋಗಬಹುದು. ಫೋನಿನಲ್ಲಿ 'ಟ್ಯಾಕ್ಸ್ ಎಷ್ಟು ಪರ್ಸೆಂಟ್' ಅಂತ ಒಂದು ಮಾತು ಕೇಳಿ.

ಸರ್ವಿಸ್ ಚಾರ್ಜ್ ಬೇರೆ ವಿಷಯ. ಅದು ತೆರಿಗೆ ಅಲ್ಲ. ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಜುಲೈ 2022ರಲ್ಲಿ ಹೇಳಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ ಮಾರ್ಚ್ 2025ರಲ್ಲಿ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಆ ಸಾಲು ಕಂಡರೆ ತೆಗೆಯಲು ಹೇಳಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915. ಬದಲಿಗೆ ಅಮ್ಮನಿಗೆ ಬಡಿಸಿದ ಹುಡುಗನ ಕೈಗೆ ನೇರವಾಗಿ ಕೊಡಿ, ಅದು ಅವನಿಗೇ ಸೇರುತ್ತದೆ.

ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಿದರೆ ಜಗಳ ಆಡಬೇಡಿ. ಕೂರಿಸಿ ಸೇವೆ ಕೊಡುವ ಹೋಟೆಲುಗಳು ಹಾಗೆ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಫಿಲ್ಟರ್ ನೀರು ಕೊಡಿ ಅಂತ ಕೂತ ಕೂಡಲೇ ಕೇಳಿ.

ಕಾರ್ಡ್, ಆ್ಯಪ್ ರಿಯಾಯಿತಿಗಳೂ ಇರುತ್ತವೆ. ಆದರೆ ಮೊದಲೇ ಹೇಳಿಟ್ಟ ವಿಶೇಷ ಊಟಕ್ಕೆ ಅವು ಅನ್ವಯಿಸದೆ ಇರಬಹುದು. ಆ ಉಳಿತಾಯಕ್ಕಾಗಿ ಜಾಗ ಬದಲಾಯಿಸಬೇಡಿ.

ದೂರದೂರಿನವನು

ಹುಟ್ಟೂರು ಮೈಸೂರು, ಕೆಲಸ ಹೊರದೇಶದಲ್ಲಿ. ಪ್ರಯಾಣದಲ್ಲಿ ಒಂದು ದೊಡ್ಡ ಊಟ ಅನ್ನುವ ಅಭ್ಯಾಸ ನನಗೂ ಇದೆ. ಮಧ್ಯಾಹ್ನವೇ ಹೋಗಿ ಅನ್ನುವ ಮಾತು ಎಲ್ಲ ಕಡೆಗೂ ಸರಿ. ಪ್ಯಾರಿಸ್‌ನ ದೊಡ್ಡ ರೆಸ್ಟೋರೆಂಟುಗಳಲ್ಲೂ ಅದೇ ಅಡುಗೆಮನೆಯ ಊಟ ಮಧ್ಯಾಹ್ನದ ನಿಗದಿ ಮೆನುವಿನಲ್ಲಿ ರಾತ್ರಿಗಿಂತ ತುಂಬಾ ಕಡಿಮೆಗೆ ಸಿಗುತ್ತದೆ.

ಮಿಷೆಲಿನ್ ಸ್ಟಾರ್ ಇರುವ ಹೋಟೆಲ್ ನಮ್ಮಲ್ಲಿ ಯಾವುದು ಅಂತ ಕೆಲವರು ಕೇಳುತ್ತಾರೆ. ಆ ಗೈಡ್ ಭಾರತದ ಹೋಟೆಲುಗಳಿಗೆ ಸ್ಟಾರ್ ಕೊಡುವುದಿಲ್ಲ. 1900ರಲ್ಲಿ ಫ್ರಾನ್ಸಿನ ಟೈರ್ ಕಂಪನಿಯವರು ಕಾರಿನವರಿಗೆ ಅಂತ ಹೊರತಂದ ಪುಸ್ತಕ ಅದು. ಸ್ಟಾರ್ ಬಂದದ್ದು 1926ರಲ್ಲಿ. ಇನ್ನು ಸ್ಟಾರ್ ಅಂದರೆ ಬಿಳಿ ಮೇಜುಬಟ್ಟೆ ಅಂತಲೂ ಅಲ್ಲ. ಸಿಂಗಪುರದಲ್ಲಿ 2016ರಲ್ಲಿ ಬೀದಿಬದಿಯ ಸಣ್ಣ ಅಂಗಡಿಗಳಿಗೇ ಕೊಟ್ಟರು. ಮೈಸೂರಿನಲ್ಲಿ ಯಾರ ಸ್ಟಾರನ್ನೂ ನೋಡದೆ ನಿಮ್ಮ ಅವ್ವನ ಕಣ್ಣಿನಿಂದಲೇ ನೋಡಿ ಆರಿಸಿ.

ಮಂಡ್ಯ ಗದ್ದೆಬದು

ಅಕ್ಕ, ನಿಮ್ಮ ಅವ್ವನ ಬಗ್ಗೆ ಬರೆದದ್ದು ಓದಿದೆ. ನಮ್ಮ ಅವ್ವನೂ ಹಾಗೆಯೇ. ಕಟ್ಟಡದ ಬಗ್ಗೆ ಇನ್ನು ನಾನು ವಾದ ಮಾಡಲ್ಲ. ಆದರೆ ತಟ್ಟೆಗೆ ಏನು ಬೀಳಬೇಕು ಅಂತ ಹೇಳುವ ಹಕ್ಕು ಕೊಡಿ.

ಡಿಸೆಂಬರ್ ಅಂದರೆ ನಮ್ಮ ಕಡೆ ಸೊಗಡು ಅವರೆಕಾಯಿಯ ಕಾಲ. ಹಿತಕಿದ ಬೇಳೆ ಸಾರು ಮಾಡಿಕೊಡಿ ಅಂತ ಕೇಳಿ. ಅದನ್ನು ಮಾಡಲು ಬಿಡುವು ಬೇಕು. ಕಾಳು ನೆನೆಸಿ ಒಂದೊಂದೇ ಹಿತುಕಬೇಕು. ಅದಕ್ಕೇ ಎರಡು ದಿನ ಮೊದಲು ಹೇಳಬೇಕು ಅಂದದ್ದು ಸರಿ. ಈರನಗೆರೆ ಬದನೆಕಾಯಿ ಸಿಕ್ಕರೆ ಎಣ್ಣೆಗಾಯಿ. ನಿಮ್ಮ ಕಡೆಯೂ ಎಣ್ಣೆಗಾಯಿ ಮಾಡುತ್ತೀರಿ, ಅಲ್ವಾ? ಶೇಂಗಾ, ಗುರೆಳ್ಳು ಹಾಕಿ. ನಮ್ಮದರಲ್ಲಿ ಕೊಬ್ಬರಿ ಮುಂದೆ. ನಿಮ್ಮ ಅವ್ವ ಒಂದು ತುತ್ತು ಬಾಯಿಗಿಟ್ಟು ಎರಡನ್ನೂ ಹೋಲಿಸಿ ಮಾತಾಡುತ್ತಾರೆ ನೋಡಿ. ಇಷ್ಟು ವರ್ಷ ಅಡುಗೆ ಮಾಡಿದವರಿಗೆ ಹೊಸ ಊರಿನ ಅಡುಗೆಯ ಬಗ್ಗೆ ಮಾತಾಡುವುದೇ ದೊಡ್ಡ ಸಂತೋಷ. ಪನೀರ್ ಕೊಟ್ಟರೆ ಅವರು ಏನು ತಾನೇ ಹೇಳಿಯಾರು?

ನಂಜನಗೂಡು ರಸಬಾಳೆಗೂ, ಮೈಸೂರು ವೀಳ್ಯದೆಲೆಗೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ರಸಬಾಳೆ ಈಗ ಬೆಳೆಯುವವರು ಕಡಿಮೆ, ಸಿಕ್ಕರೆ ಬಿಡಬೇಡಿ. ಅಪ್ಪಾಜಿಗೆ ಹಣ್ಣು ಬೇಡ ಅಂದರೆ ಎಲೆ ಅಡಿಕೆ ಸಾಕು. ಚಿಗುರು ಎಲೆ, ಖಾರ ಇರಲ್ಲ.

ಮುದ್ದೆ ಕೇಳಬಹುದು. ಶುಗರ್ ಇರುವವರು ಅನ್ನ ಕಡಿಮೆ ಮಾಡಿ ಸಣ್ಣ ಮುದ್ದೆ ತಿನ್ನಲಿ, ಆದರೆ ರಾಗಿಯಲ್ಲೂ ಪಿಷ್ಟ ಇದೆ, ಅಳತೆ ಮುಖ್ಯ.

ಕನ್ನಂಬಾಡಿ ಕಡೆ

ಕೆಆರ್‌ಎಸ್ ಬೃಂದಾವನದ ಒಳಗೇ ಇರುವ ರಾಯಲ್ ಆರ್ಕಿಡ್ ಹೋಟೆಲನ್ನು ಯಾರೂ ಹೇಳಲಿಲ್ಲ. ಕಾರಂಜಿ, ದೀಪ, ತೋಟ ಎಲ್ಲ ಅಲ್ಲಿಂದಲೇ ಕಾಣುತ್ತದೆ. ಹಿರಿಯರಿಗೆ ನಡೆಯುವ ಕಷ್ಟವೂ ಇಲ್ಲ.

ಒಂಟಿಕೊಪ್ಪಲಿನವರು

ಜಾಗ ಬಹಳ ಚೆನ್ನಾಗಿದೆ. ಆದರೆ ಅಲ್ಲಿಯ ಸೊಗಸು ಸಂಜೆ ದೀಪ ಹತ್ತಿದ ಮೇಲೆ. ಕಾರಂಜಿ ಮುಗಿದು ಜನ ಒಟ್ಟಿಗೆ ಹೊರಡುವಾಗ ರಸ್ತೆ ಕಟ್ಟಿಕೊಳ್ಳುತ್ತದೆ. ಊಟ ಮಾಡಿ ಮೈಸೂರಿಗೆ ವಾಪಸ್ ಬರುವ ಹೊತ್ತಿಗೆ ಇವರ ತಂದೆಯವರ ನಿದ್ದೆಯ ಸಮಯ ದಾಟಿರುತ್ತದೆ. ಅಲ್ಲೇ ಕೋಣೆ ತಗೊಂಡು ಉಳಿದರೆ ಮಾತ್ರ ಹೇಳುತ್ತೇನೆ. ಹಗಲಲ್ಲಿ ನದಿ ನೋಡುತ್ತಾ ಕೂರುವ ಆಸೆ ಇದ್ದರೆ ಶ್ರೀರಂಗಪಟ್ಟಣದ ಮಯೂರ ರಿವರ್ ವ್ಯೂ ಇದೆ. ರಾಜ್ಯ ಪ್ರವಾಸೋದ್ಯಮ ನಿಗಮ ಕೆಎಸ್‌ಟಿಡಿಸಿಯದು, ಕಾವೇರಿ ಪಕ್ಕದಲ್ಲೇ. ದೊಡ್ಡ ಊಟಕ್ಕಲ್ಲ, ರಂಗನಾಥಸ್ವಾಮಿ ದರ್ಶನ ಮುಗಿಸಿ ಒಂದು ಕಾಫಿಗೆ.

ವಿನೋಬಾ ರಸ್ತೆಯ ಗ್ರೀನ್ ಹೋಟೆಲನ್ನೂ ನೆನಪಿಡಿ. ಹಿಂದಿನ ಚಿತ್ತರಂಜನ್ ಅರಮನೆ. ರಾಜಕುಮಾರಿಯರಿಗೆ ಅಂತ ಕಟ್ಟಿದ್ದು. ಲಾಭ ಸಮಾಜದ ಕೆಲಸಕ್ಕೆ ಹೋಗುತ್ತದೆ. ತೋಟ ಚೆನ್ನಾಗಿದೆ. ನಿಮ್ಮ ಬಜೆಟ್ಟಿನ ಪೂರ್ತಿ ಬೇಕಾಗಿಲ್ಲ.

ಧಾರವಾಡದ ಮಗಳು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮನೆಯಲ್ಲಿ ಕೂತು ಮಾತಾಡಿದೆವು. ಬುಧವಾರ ಮಧ್ಯಾಹ್ನ, ಲಲಿತ ಮಹಲ್. ಅಲ್ಲಿ ಬಡಿಸಿಕೊಡುವ ಏರ್ಪಾಡು ಆಗದು ಅಥವಾ ಅವತ್ತು ದೊಡ್ಡ ಗ್ರೂಪ್ ಇದೆ ಅಂದರೆ ಮೆಟ್ರೋಪೋಲ್. ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೇನೆ: ಮೆಟ್ಟಿಲು, ಕುರ್ಚಿ, ಬ್ಯಾಂಕ್ವೆಟ್, ಟ್ಯಾಕ್ಸ್, ಹಿತಕಿದ ಬೇಳೆ. ಮೈಲಾರಿ ಸೋಮವಾರ ಬೆಳಿಗ್ಗೆ. ಮಗನಿಗೆ ಝೂ ಯಾವ ದಿನ ಇಟ್ಟುಕೊಳ್ಳಲಿ? ಬುಧವಾರ ಅಪ್ಪನ ಮಾತ್ರೆಯ ಹೊತ್ತಿಗೆ ಊಟ ಬರುತ್ತದೋ ಇಲ್ಲವೋ ಅನ್ನುವುದೂ ಒಂದು ಚಿಂತೆ.

ಗೋಕುಲಂ ಮೂರನೇ ಹಂತ

ಮಂಗಳವಾರ ಝೂಗೆ ರಜೆ, ಸೋಮವಾರವೇ ಮುಗಿಸಿ. ಊಟಕ್ಕೆ ಮುಂಚೆ ನುಂಗುವ ಮಾತ್ರೆ ಇದ್ದರೆ ಮೇಜಿಗೆ ಬಿಸಿ ಊಟ ಬಂದದ್ದು ಕಣ್ಣಿಗೆ ಕಂಡ ಮೇಲೆ ಕೊಡಿ. ಕಾರಿನಲ್ಲೇ ಕೊಟ್ಟರೆ, ಅಡುಗೆ ತಡವಾದಾಗ ಶುಗರ್ ಇಳಿದುಬಿಡುತ್ತದೆ. ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಬನ್ನಿ. ಚೀಲದಲ್ಲಿ ಎರಡು ಬಿಸ್ಕತ್ತು ಇರಲಿ.

ಅಡುಗೆಮನೆ ಬಾಗಿಲು

ಅದರ ಜೊತೆಗೆ, ಹನ್ನೆರಡೂವರೆಗೆ ಬರುತ್ತೇವೆ ಅನ್ನುವ ಬದಲು 'ಒಂದು ಗಂಟೆಗೆ ಮೊದಲ ಬಡಿಸುವಿಕೆ ಆಗಬೇಕು, ತಂದೆಗೆ ಶುಗರ್ ಇದೆ' ಅಂತ ಮ್ಯಾನೇಜರಿಗೆ ಹೇಳಿ. ಸಮಯವನ್ನು ಹಾಗೆ ಕೊಟ್ಟರೆ ಅಡುಗೆಮನೆಯವರು ಅದಕ್ಕೆ ತಕ್ಕಂತೆ ಒಲೆ ಹಚ್ಚುತ್ತಾರೆ. ಮಾತಾಡಿದ ಮ್ಯಾನೇಜರ್ ಹೆಸರು, ಸಮಯ ಬರೆದಿಟ್ಟುಕೊಳ್ಳಿ. ಮಂಗಳವಾರ ಸಂಜೆ ಒಮ್ಮೆ, ಬುಧವಾರ ಬೆಳಿಗ್ಗೆ ಒಮ್ಮೆ ಫೋನ್ ಮಾಡಿ ನೆನಪಿಸಿ. ಶಿಫ್ಟ್ ಬದಲಾದಾಗ ಹೇಳಿದ ಮಾತು ಒಬ್ಬರಿಂದ ಇನ್ನೊಬ್ಬರಿಗೆ ದಾಟದೆ ಉಳಿಯುವುದುಂಟು.

ಒಂಟಿಕೊಪ್ಪಲಿನವರು

ಭಾನುವಾರ ಬಂದಿಳಿಯುತ್ತೀರಲ್ಲ, ಅವತ್ತು ಸಂಜೆ ಏಳಕ್ಕೆ ಅಂಬಾವಿಲಾಸ ಅರಮನೆಯ ದೀಪ ಹತ್ತುತ್ತದೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸುಮಾರು ಮುಕ್ಕಾಲು ಗಂಟೆ ಇರುತ್ತದೆ. ಒಂದು ಲಕ್ಷದ ಹತ್ತಿರ ಬಲ್ಬುಗಳು. ಆರೂವರೆಗೇ ವರಾಹ ಗೇಟಿನ ಕಡೆ ಕಾರು ನಿಲ್ಲಿಸಿಕೊಳ್ಳಿ, ತಾಯಿಯವರು ಜಾಸ್ತಿ ನಡೆಯಬೇಕಾಗುವುದಿಲ್ಲ. ಅವತ್ತಿನ ರಾತ್ರಿ ಊಟ ರೂಮಿನ ಹತ್ತಿರವೇ ಹಗುರವಾಗಿ ಇಟ್ಟುಕೊಳ್ಳಿ.